ರಾತ್ರಿಗೆ ಕಾಯದ ಬ್ಯಾಂಕ್

ಬ್ಯಾಂಕಿನ ದಿನ ಸಂಜೆ ಬಾಗಿಲು ಹಾಕಿದಾಗ ಮುಗಿಯುವುದಿಲ್ಲ. ಬ್ಯಾಂಕಿನ ಲೆಕ್ಕವನ್ನೆಲ್ಲ ಹೊರುವ ದೊಡ್ಡ ಕಂಪ್ಯೂಟರ್ ಆದ ಮೇನ್‌ಫ್ರೇಮ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಹಗಲೆಲ್ಲಾ ನಡೆದ ವ್ಯವಹಾರ ಒಂದು ಕಡೆ ಸೇರಿಕೊಂಡಿರುತ್ತದೆ. ರಾತ್ರಿ ಬ್ಯಾಚ್, ಅಂದರೆ ಅದನ್ನೆಲ್ಲ ಒಟ್ಟಿಗೆ ಲೆಕ್ಕಕ್ಕೆ ಹಾಕುವ ಕೆಲಸ, ಶುರುವಾಗುತ್ತದೆ. ಒಂದರ ಹಿಂದೆ ಒಂದು ಜಾಬ್ ಓಡಿ, ಜಮಾ ಖರ್ಚು ಖಾತೆಗೆ ಏರಿ, ಬಡ್ಡಿ ಲೆಕ್ಕ ಮುಗಿದು, ಬೆಳಗಾಗುವಷ್ಟರಲ್ಲಿ ಹೊಸ ಬ್ಯಾಲೆನ್ಸ್ ಸಿದ್ಧವಾಗಿರಬೇಕು. ನಡುವೆ ಒಂದು ಜಾಬ್ ಅಬೆಂಡ್ ಆದರೆ, ಅಂದರೆ ಅರ್ಧಕ್ಕೇ ಕೆಟ್ಟು ನಿಂತರೆ, ಅದರ ಮೇಲೆ ಅವಲಂಬಿಸಿದ್ದೆಲ್ಲ ನಿಂತುಬಿಡುತ್ತದೆ. ಬ್ರಿಟನ್ನಿನ ಒಂದು ಹಳೆಯ ಬ್ಯಾಂಕಿಗಾಗಿ ನಾನು ವರ್ಷಗಟ್ಟಲೆ ಮಾಡಿದ್ದು ಇದೇ ಕೆಲಸ. ರಾತ್ರಿ ಬ್ಯಾಚ್ ಕಾಯುವುದು.

ಈ ಕೆಲಸದವರಿಗೆಲ್ಲ ಗೊತ್ತಿರುವ ಒಂದು ಘಟನೆ ಇದೆ. 2012ರ ಜೂನ್‌ನಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ ಗುಂಪಿನಲ್ಲಿ ಬ್ಯಾಚ್ ಓಡಿಸುವ ಸಾಫ್ಟ್‌ವೇರನ್ನು ಅಪ್‌ಗ್ರೇಡ್ ಮಾಡಲು ಹೋಗಿ ಎಲ್ಲ ಕೈತಪ್ಪಿತು. ಕಡಿಮೆ ಅಂದರೂ 65 ಲಕ್ಷ ಗ್ರಾಹಕರಿಗೆ ತೊಂದರೆಯಾಯಿತು. ಬಂದ ಸಂಬಳ ಖಾತೆಯಲ್ಲಿ ಕಾಣಲಿಲ್ಲ, ಕಟ್ಟಿದ ಕಂತು ಹೋಗಲಿಲ್ಲ. 2014ರಲ್ಲಿ 5.6 ಕೋಟಿ ಪೌಂಡ್ ದಂಡ ಬಿತ್ತು. ರಾತ್ರಿ ಪರದೆ ಮುಂದೆ ಕೂತಾಗ ಆ ಜೂನ್ ನನಗೆ ನೆನಪಾಗದೆ ಇರುತ್ತಿರಲಿಲ್ಲ.

2018ರ ಕೊನೆಯಲ್ಲಿ ಆನ್‌ಸೈಟ್ ಅಂತ, ಅಂದರೆ ಗ್ರಾಹಕ ಬ್ಯಾಂಕಿನ ಜಾಗದಲ್ಲೇ ಕೂತು ಕೆಲಸ ಮಾಡಲು, ಲಂಡನ್‌ನಲ್ಲಿದ್ದೆ. ಒಂದು ಸಂಜೆ ಗೆಳತಿಯ ಜೊತೆ ದಿನಸಿ ತರಲು ಹೋದೆ. ಅವಳು ಹಸಿರುನೀಲಿ ಬಣ್ಣದ ಒಂದು ಕಾರ್ಡ್ ತೆಗೆದಳು. ಅದರ ಮೇಲಿನ ಅಕ್ಷರಗಳು ಅಡ್ಡಕ್ಕಲ್ಲ, ಉದ್ದಕ್ಕೆ ಇದ್ದವು. ಯಂತ್ರಕ್ಕೆ ತಾಗಿಸಿದಳು. ರಸೀದಿ ಹೊರಗೆ ಬರುವ ಮೊದಲೇ ಅವಳ ಕೈಯಲ್ಲಿದ್ದ ಫೋನ್ ಸದ್ದು ಮಾಡಿತು. ಅಂಗಡಿಯ ಹೆಸರು, ಮೊತ್ತ, ಉಳಿದ ಬ್ಯಾಲೆನ್ಸ್ ಎಲ್ಲ ಅಲ್ಲೇ ಇತ್ತು.

"ಏನೇ, ಹೀಗೆ ನೋಡ್ತಿದೀಯ?" ಅಂದಳು.

"ಇದು ನಿಜವಾದ ಬ್ಯಾಲೆನ್ಸಾ?"

"ಇನ್ನೇನು ಮತ್ತೆ, ಸುಳ್ಳು ಬ್ಯಾಲೆನ್ಸ್ ತೋರಿಸ್ತಾರಾ?"

ಬೇರೆ ಯಾರಿಗಾದರೂ ಇದು ಸಣ್ಣ ಸಂಗತಿ. ನನಗೆ ಅಲ್ಲಿಂದ ಕಾಲು ಕದಲಲಿಲ್ಲ. ಅಂಗಡಿಯವರಿಗೆ ದುಡ್ಡು ಸೇರುವುದು ಆಮೇಲೇ, ಅದು ಎಲ್ಲ ಬ್ಯಾಂಕಿಗೂ ಒಂದೇ. ಆದರೆ ಗ್ರಾಹಕರಿಗೆ ತಮ್ಮ ದುಡ್ಡು ಈ ಕ್ಷಣಕ್ಕೆ ಎಷ್ಟಿದೆ ಎಂದು ಹೀಗೆ ಹೇಳಬೇಕಾದರೆ ಒಳಗಿನ ಲೆಕ್ಕದ ಪುಸ್ತಕವನ್ನೇ ಬೇರೆ ರೀತಿ ಕಟ್ಟಿರಬೇಕು. ಹಳೆಯ ಮೇನ್‌ಫ್ರೇಮ್ ಮೇಲೆ ಚೆಂದದ ಆ್ಯಪ್ ಒಂದನ್ನು ಹೊದಿಸಿದರೆ ಇಷ್ಟು ಸಲೀಸಾಗಿ ಬರುವುದಿಲ್ಲ. ಯಾರೋ ಬುಡದಿಂದ ಶುರು ಮಾಡಿದ್ದಾರೆ ಎಂದು ಅಲ್ಲೇ ಅನ್ನಿಸಿತು.

ಬ್ಯಾಂಕಿನ ಹೆಸರು ಸ್ಟಾರ್ಲಿಂಗ್. ಶಾಖೆ ಒಂದೂ ಇಲ್ಲ, ಎಲ್ಲ ಫೋನಿನಲ್ಲೇ. ಕಾಲೇಜು ಬಿಟ್ಟ ಇಪ್ಪತ್ತೈದರ ಹುಡುಗರು ಯಾರೋ ಮಾಡಿರಬೇಕು ಅಂದುಕೊಂಡು ಆ ರಾತ್ರಿ ಓದಲು ಕೂತೆ. ಆ್ಯನ್ ಬೋಡನ್ ಎಂಬ ಹೆಸರು ಸಿಕ್ಕಿತು. ವೇಲ್ಸ್‌ನ ಸ್ವಾನ್ಸಿಯವರು. ತಂದೆ ಉಕ್ಕಿನ ಕಾರ್ಖಾನೆಯಲ್ಲಿ, ತಾಯಿ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದವರು. ಸ್ವಾನ್ಸಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಮತ್ತು ರಸಾಯನ ವಿಜ್ಞಾನ ಓದಿ, 1981ರಲ್ಲಿ ಲಾಯ್ಡ್ಸ್ ಬ್ಯಾಂಕಿಗೆ ಟ್ರೈನಿಯಾಗಿ ಸೇರಿದರು. ದೊಡ್ಡ ಮೊತ್ತವನ್ನು ಅದೇ ದಿನ ದಾಟಿಸುವ ಚಾಪ್ಸ್ ವ್ಯವಸ್ಥೆ ಬ್ರಿಟನ್ನಿನಲ್ಲಿ 1984ರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಅಲ್ಲಿಂದ ಮುಂದೆ ಒಂದಾದ ಮೇಲೊಂದು ದೊಡ್ಡ ಸಂಸ್ಥೆ. 2012ರಲ್ಲಿ ಅಲೈಡ್ ಐರಿಶ್ ಬ್ಯಾಂಕ್ಸ್‌ನ ಸಿಒಒ, ಅಂದರೆ ದಿನನಿತ್ಯದ ಕಾರ್ಯಾಚರಣೆಯ ಮುಖ್ಯಸ್ಥೆ, ಆದರು. ಐರ್ಲೆಂಡ್ ಸರ್ಕಾರ ದುಡ್ಡು ಸುರಿದು ಉಳಿಸಿಕೊಂಡಿದ್ದ ಬ್ಯಾಂಕ್ ಅದು. ಹಳೆಯ ಬ್ಯಾಂಕಿಗೆ ತೇಪೆ ಹಾಕುತ್ತಾ ಕೂರುವುದಕ್ಕಿಂತ ಹೊಸದನ್ನೇ ಕಟ್ಟೋಣ ಎಂದು ತೀರ್ಮಾನಿಸಿ ಹೊರಬಂದು, 2014ರಲ್ಲಿ ಸ್ಟಾರ್ಲಿಂಗ್ ಸ್ಥಾಪಿಸಿದರು. ಆಗ ಅವರಿಗೆ ಐವತ್ತು ದಾಟಿ ಕೆಲವು ವರ್ಷಗಳೇ ಆಗಿದ್ದವು.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ದಿನಗಳಲ್ಲಿ ನಮ್ಮ ಟೀಮಿನಲ್ಲಿ ನಲವತ್ತು ದಾಟಿದವರಿಗೆಲ್ಲ ಒಂದೇ ಮಾತು. ಮೇನ್‌ಫ್ರೇಮ್‌ನ ಹಳೆಯ ಪ್ರೋಗ್ರಾಮಿಂಗ್ ಭಾಷೆ ಕೋಬಾಲ್ ಮುಗೀತು, ಮ್ಯಾನೇಜರ್ ಆಗಿ, ಇಲ್ಲವಾದರೆ ಜಾಗ ಬಿಡಿ. ಕೆಲಸ ಬಿಡುವ ಯೋಚನೆ ನನ್ನ ತಲೆಯಲ್ಲೂ ಗಟ್ಟಿಯಾಗುತ್ತಿತ್ತು. ಆದರೆ ಈ ಹೆಂಗಸು ಹೊಸ ಬ್ಯಾಂಕ್ ಕಟ್ಟಿದ್ದು ಹಳೆಯದನ್ನು ಮರೆತಲ್ಲ. ಬ್ಯಾಂಕಿನ ಕಂಪ್ಯೂಟರ್ ಎಲ್ಲೆಲ್ಲಿ ತಡವಾಗುತ್ತದೆ, ಯಾಕೆ ತಡವಾಗುತ್ತದೆ ಎನ್ನುವುದನ್ನು ಮೂವತ್ತು ವರ್ಷ ಒಳಗಿದ್ದು ನೋಡಿದವರು. ಯಾವುದನ್ನು ಬಿಡಬೇಕು ಎಂದು ಅವರಿಗೆ ಗೊತ್ತಾಗಿದ್ದು ಅದರಿಂದಲೇ ಎಂದು ನಾನು ನಂಬುತ್ತೇನೆ.

ದಾರಿ ಸುಲಭದ್ದಾಗಿರಲಿಲ್ಲ. 2015ರ ಆರಂಭದಲ್ಲೇ ತಂಡ ಒಡೆಯಿತು. ತಂತ್ರಜ್ಞಾನದ ಹೊಣೆ ಹೊತ್ತಿದ್ದ ಟಾಮ್ ಬ್ಲೋಮ್‌ಫೀಲ್ಡ್ ಮತ್ತು ಇನ್ನು ಕೆಲವರು ಹೊರಗೆ ಹೋಗಿ ಮತ್ತೊಂದು ಮೊಬೈಲ್ ಬ್ಯಾಂಕ್ ಕಟ್ಟಿದರು. ಅದೇ ಇವತ್ತಿನ ಮೊಂಜೋ. ತಂಡ ಹೋಯಿತು, ಲೈಸೆನ್ಸ್ ಇನ್ನೂ ಬಂದಿರಲಿಲ್ಲ, ವಯಸ್ಸು ಐವತ್ತರ ಮೇಲೆ. ಆ ಜಾಗದಲ್ಲಿ ನಿಂತು ಮತ್ತೆ ಶುರು ಮಾಡುವುದು ಎಷ್ಟು ಜನರಿಗೆ ಸಾಧ್ಯ? ಅವರು ಹೊಸದಾಗಿ ಜನರನ್ನು ಸೇರಿಸಿದರು. 2016ರ ಜನವರಿಯಲ್ಲಿ ಹೆರಾಲ್ಡ್ ಮೆಕ್‌ಪೈಕ್ ಎಂಬ ಹೂಡಿಕೆದಾರರ 4.8 ಕೋಟಿ ಪೌಂಡ್ ಬಂದ ಸುದ್ದಿ ಹೊರಬಿತ್ತು. ಅದೇ ಜುಲೈನಲ್ಲಿ ಬ್ಯಾಂಕಿಂಗ್ ಲೈಸೆನ್ಸ್. ಮರುವರ್ಷ ಜನರ ಕೈಗೆ ಖಾತೆ.

ಆಮೇಲೆ ಇವರ ಸುದ್ದಿಯನ್ನು ಬಿಡದೆ ಓದುತ್ತಾ ಬಂದೆ. ನನಗೆ ಜಾಸ್ತಿ ಇಷ್ಟವಾಗಿದ್ದು 2020ರ ಏಪ್ರಿಲ್‌ನ ಒಂದು ಕೆಲಸ. ಕೊರೊನಾದಿಂದ ಮನೆಯೊಳಗೇ ಇರಬೇಕಾದವರು ತಮಗೆ ಸಾಮಾನು ತಂದುಕೊಡುವವರ ಕೈಗೆ ಕೊಡಲೆಂದು ಸ್ಟಾರ್ಲಿಂಗ್ ಎರಡನೇ ಕಾರ್ಡೊಂದನ್ನು ಕೊಟ್ಟಿತು. ಅದರಲ್ಲಿ ಇಡಬಹುದಾಗಿದ್ದು ಹೆಚ್ಚೆಂದರೆ 200 ಪೌಂಡ್. ಪಕ್ಕದ ಮನೆಯವರಿಗೆ ಪಿನ್ ಹೇಳಿ ಸ್ವಂತ ಕಾರ್ಡನ್ನೇ ಕೊಡುವ ಅಪಾಯ ತಪ್ಪಿತು. ಹಳೆಯ ಕೋಡಿನಲ್ಲಿ ಇಂಥದ್ದೊಂದನ್ನು ಸೇರಿಸಲು ಎಷ್ಟು ಮೀಟಿಂಗ್, ಎಷ್ಟು ಟೆಸ್ಟಿಂಗ್ ಬೇಕು ಎಂದು ನನಗೆ ಗೊತ್ತು. ಅವರು ಲಾಕ್‌ಡೌನ್ ಶುರುವಾದ ಕೆಲವೇ ವಾರಗಳಲ್ಲಿ ಮಾಡಿದರು.

ನೋವಾಗಿದ್ದೂ ಇದೆ. ಬೋಡನ್ 2023ರಲ್ಲಿ ಸಿಇಒ ಹುದ್ದೆ ಬಿಟ್ಟರು. 2024ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ ಸ್ಟಾರ್ಲಿಂಗ್‌ಗೆ ಸುಮಾರು 2.9 ಕೋಟಿ ಪೌಂಡ್ ದಂಡ ಹಾಕಿತು. 2017ರಲ್ಲಿ ಸುಮಾರು 43,000 ಇದ್ದ ಗ್ರಾಹಕರು 2023ರ ಹೊತ್ತಿಗೆ 36 ಲಕ್ಷ ಆಗಿದ್ದರು. ಖಾತೆಗಳು ಬೆಳೆದ ವೇಗಕ್ಕೆ ಅಕ್ರಮ ಹಣದ ತಪಾಸಣೆ ಬೆಳೆದಿರಲಿಲ್ಲ. ಇದು ಅವರ ಕಾಲದಲ್ಲೇ ಆದದ್ದು, ಅವರ ಲೆಕ್ಕಕ್ಕೇ ಸೇರಬೇಕು. ಅವರ ಮೇಲಿನ ನನ್ನ ಗೌರವ ಉಳಿದಿದೆ. ಆದರೆ ತಪಾಸಣೆ ಅಂದರೆ ಬರೀ ಕಾಗದ ಪತ್ರದ ಕೆಲಸ ಎನ್ನುವವರ ಮಾತನ್ನು ಈಗ ನಾನು ಒಪ್ಪುವುದಿಲ್ಲ.

ನಾನು ಕೆಲಸ ಬಿಡಲಿಲ್ಲ. ಆ ಲಂಡನ್ ಸಂಜೆಯ ನಂತರ ಮ್ಯಾನೇಜರ್ ಬಳಿ ಹೋಗಿ, ಹಳೆಯ ಕೋರ್ ಬ್ಯಾಂಕಿಂಗ್, ಅಂದರೆ ಖಾತೆಗಳ ಲೆಕ್ಕ ಇಡುವ ಮೂಲ ಸಾಫ್ಟ್‌ವೇರ್, ತೆಗೆದು ಹೊಸದನ್ನು ತರುವ ಪ್ರಾಜೆಕ್ಟಿಗೆ ಹಾಕಿ ಎಂದು ಕೇಳಿದೆ. ತಂಡದಲ್ಲಿ ನನಗಿಂತ ಎಲ್ಲರೂ ಚಿಕ್ಕವರು. ಮೊದಲ ವಾರವೇ ಒಬ್ಬ ಹುಡುಗ ಬಂದು, "ಮೇಡಂ, ಶನಿವಾರ ಬಂದ ದುಡ್ಡಿಗೆ ಹಳೆಯ ಸಿಸ್ಟಮ್ ಸೋಮವಾರದ ತಾರೀಕು ಹಾಕುತ್ತಲ್ವಾ, ಬಡ್ಡಿ ಯಾವತ್ತಿಂದ?" ಎಂದು ಕೇಳಿದ. ಅದಕ್ಕೆ ಉತ್ತರ ಯಾವ ದಾಖಲೆಯಲ್ಲೂ ಬರೆದಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂರಲು ಹೇಳಿ ಕೋಡ್ ತೆರೆದೆ.