ಒಂಟಿ ಮಾಡಿದ್ದು ಯಾರು? ಗ್ರೀಕಿನ ‘ಮೊನೊಓ’

ಮೈಸೂರಿನಲ್ಲಿ ಒಂಟಿಕೊಪ್ಪಲಿನ ಬೋರ್ಡ್ ಓದುವಾಗಲೆಲ್ಲ ಕಣ್ಣಿಗೆ ಬೀಳುವ ಆ ‘ಒಂಟಿ’ಗೆ ಹಳೆಯ ಗ್ರೀಕಿನಲ್ಲಿ ಹತ್ತಿರದ ಪದ ‘ಮೊನೊಸ್’. ಅದರಿಂದ ಹುಟ್ಟಿದ ಕ್ರಿಯಾಪದ ‘ಮೊನೊಓ’. ಇದಕ್ಕೆ ‘ಒಂಟಿಯಾಗಿರು’ ಎಂದು ಅರ್ಥ ಬರೆದುಕೊಂಡರೆ ಅಲ್ಲೇ ಎಡವಿದಂತೆ. ‘ದೂಲೊಸ್’ ಗುಲಾಮ, ‘ದೂಲೊಓ’ ಗುಲಾಮನನ್ನಾಗಿ ಮಾಡು. ಹಾಗೆಯೇ ‘ಮೊನೊಓ’ ಅಂದರೆ ಒಂಟಿ ಮಾಡು. ತಾನೇ ಒಂಟಿಯಾಗಿರುವುದಕ್ಕೆ ‘ಮೊನಜೋ’ ಎಂಬ ಬೇರೆ ಪದವಿದೆ. ಬೈಬಲಿನ 102ನೇ ಕೀರ್ತನೆಯ ಗ್ರೀಕ್ ಅನುವಾದದಲ್ಲಿ (ಅಲ್ಲಿ ಅದು 101) ಮಾಳಿಗೆ ಮೇಲಿನ ಒಂಟಿ ಗುಬ್ಬಚ್ಚಿಗೆ ಬಂದಿರುವುದು ಅದೇ.

ಹೋಮರನ ಮಹಾಕಾವ್ಯ ಒಡಿಸ್ಸಿಯ 16ನೇ ಭಾಗದಲ್ಲಿ ಟೆಲಿಮಾಕಸ್ ಹೇಳುವುದನ್ನು ನೋಡಿ. ಅರ್ಕೇಸಿಯೊಸನಿಗೆ ಲಯೇರ್ತೇಸ್ ಒಬ್ಬನೇ ಮಗ, ಅವನಿಗೆ ಒಡಿಸ್ಸಿಯಸ್ ಒಬ್ಬನೇ, ಒಡಿಸ್ಸಿಯಸ್‌ಗೆ ತಾನೊಬ್ಬನೇ. ನಮ್ಮ ವಂಶವನ್ನು ಹೀಗೆ ಒಂಟಿ ಎಳೆ ಮಾಡಿದವನು ಜ್ಯೂಸ್ ಎನ್ನುತ್ತಾನೆ. ಅಲ್ಲಿನ ರೂಪ ‘ಮೂನೋಸೆ’: ಅಯೋನಿಕ್ ಎಂಬ ಗ್ರೀಕ್ ಉಪಭಾಷೆಯ ಉಚ್ಚಾರ, ಭೂತಕಾಲಕ್ಕೆ ಪದದ ಮೊದಲಲ್ಲಿ ಬರುವ ‘ಎ’ ಬಿಟ್ಟದ್ದು ಕಾವ್ಯದ ಸಲುಗೆ. ಕನ್ನಡದಲ್ಲಿ ‘ಒಂಟಿಯಾಯಿತು’ ಅಂದುಬಿಟ್ಟರೆ ಮಾಡಿದವನೇ ಮಾಯ.

ರೂಪಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುವುದು ವಾಸಿ. ಎ–ಏ, ಒ–ಓ ಭೇದ ಗ್ರೀಕಿಗೂ ಬೇಕು, ನಮ್ಮಲ್ಲೂ ಇದೆ. ಉಳಿದದ್ದು ಸಂಧಿಕಾರ್ಯ: ಒ+ಒ, ಒ+ಎ ಸೇರಿದರೆ ‘ಊ’, ಒ+ಓ ಸೇರಿದರೆ ‘ಓ’, ಒ+ಎಯ್ ಸೇರಿದರೆ ‘ಒಯ್’. ಹಾಗಾಗಿ ವರ್ತಮಾನ ಕಾಲದಲ್ಲಿ ಮೊನೋ, ಮೊನೊಯ್ಸ್, ಮೊನೊಯ್. ಬಹುವಚನಕ್ಕೆ ಮೊನೂಮೆನ್, ಮೊನೂತೆ, ಮೊನೂಸಿ. ಕೈಕೊಡುವುದು ‘ಒಂಟಿ ಮಾಡಲು’ ಎಂಬ ರೂಪ. ಸೂತ್ರ ನಂಬಿ ‘ಮೊನೊಯ್ನ್’ ಬರೆಯುತ್ತಾರೆ, ಸರಿಯಾದದ್ದು ‘ಮೊನೂನ್’. ‘-ಎಯ್ನ್’ ಎಂಬ ಆ ಪ್ರತ್ಯಯದ ‘ಎಯ್’ ನಿಜವಾಗಿ ಎ+ಎ ಕೂಡಿದ್ದು, ಅದರಲ್ಲಿ ‘ಯ್’ ಮೊದಲಿಂದಲೂ ಇಲ್ಲ.

ಮಿಕ್ಕ ಹೆಚ್ಚಿನ ಕಾಲಗಳಲ್ಲಿ ‘ಒ’ ದೀರ್ಘವಾಗುತ್ತದೆ, ಅಷ್ಟೆ: ಮೊನೋಸೋ (ಒಂಟಿ ಮಾಡುವೆನು), ಎಮೊನೋಸ (ಮಾಡಿದೆನು), ಎಮೊನೋಥೇನ್ (ನನ್ನನ್ನು ಒಂಟಿ ಮಾಡಲಾಯಿತು). ಭೂತಕಾಲದ ಆ ‘ಎ’ ಕೃದಂತಕ್ಕೆ ಬರುವುದಿಲ್ಲ. ಇಲಿಯಡ್‌ನ 11ನೇ ಭಾಗದಲ್ಲಿ ಟ್ರಾಯ್‌ನವರ ನಡುವೆ ಸಿಕ್ಕಿಬಿದ್ದ ಒಡಿಸ್ಸಿಯಸ್ ‘ಮೊನೋಥೆಯ್ಸ್’, ‘ಎಮೊನೋಥೆಯ್ಸ್’ ಅಲ್ಲ. ಆದರೆ ಮುಗಿದೂ ಫಲ ಉಳಿದಿರುವ ಕ್ರಿಯೆಯನ್ನು ಹೇಳುವ ರೂಪದಲ್ಲಿ, ಪದದ ಮೊದಲಿಗೆ ಬರುವ ‘ಮೆ’ ಎಂಬ ದ್ವಿರುಕ್ತಿ ಎಲ್ಲೂ ಬೀಳದು. ಬೈಬಲಿನ 1 ತಿಮೊಥೆಯ 5:5ರ ವಿಧವೆ ‘ಮೆಮೊನೋಮೆನೇ’: ಒಂಟಿಯಾಗಿಬಿಟ್ಟವಳು, ಈಗಲೂ ಹಾಗೇ ಇರುವವಳು. ‘ಬಿಟ್ಟ’ ಹಾಕದೆ ಈ ರೂಪ ಕನ್ನಡಕ್ಕೆ ಒಗ್ಗುವುದಿಲ್ಲ.

ಇಂದಿನ ಗ್ರೀಕಿನಲ್ಲಿ ಇದೇ ಕ್ರಿಯಾಪದದ ನಾಮರೂಪ ‘ಮೊನೊಸಿ’ ಅಂದರೆ ಕರೆಂಟ್ ವೈರಿಗೆ ಹಾಕುವಂಥ ಇನ್ಸುಲೇಷನ್.