ನಡೆದವರು ಕಾಣದ ಶಿಖರ

ಶ್ರೀಶೈಲಕ್ಕೆ ಕಾರಿನಲ್ಲಿ ಹೋಗುವ ಮಾತನ್ನು ಅಪ್ಪ ಇದ್ದಾಗ ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ. ಹತ್ತೊಂಬತ್ತು ಯುಗಾದಿಗಳನ್ನು ಅವರು ಆ ಗುಡ್ಡದ ಮೇಲೆಯೇ ಮಾಡಿದರು, ಅಷ್ಟೂ ಸಲ ಕಾಲ್ನಡಿಗೆಯಲ್ಲಿ. ಬಾಗಲಕೋಟೆಯ ಹೋಳಿಯ ಬಣ್ಣ ಕಿವಿಯ ಹಿಂದೆ ಇನ್ನೂ ಹಸಿರಾಗಿ ಉಳಿದಿರುತ್ತಿತ್ತು, ಅಷ್ಟರಲ್ಲಿ ದೇವರ ಕಂಬಿ ಹೊತ್ತು ನಡೆಯುವವರ ಹಿಂದೆ ಹೊರಟುಬಿಡುತ್ತಿದ್ದರು. ಹಬ್ಬ ಮುಗಿಸಿ ಬಸ್ಸಿನಲ್ಲಿ ತಿರುಗಿ ಬಂದಾಗ ಮುಖ ಕರಿಬಾನಿಯಂತಾಗಿರುತ್ತಿತ್ತು, ಅಂಗಾಲಿನಲ್ಲಿ ಬೊಬ್ಬೆಗಳು. ಅವ್ವ ಕಟ್ಟೆಯ ಮೇಲೆ ಕುಳಿತು ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಸೂಜಿಗೆ ಬಿಳಿ ನೂಲು ಪೋಣಿಸಿ, ಬೊಬ್ಬೆಯ ಈ ಬದಿಯಿಂದ ಚುಚ್ಚಿ ಆ ಬದಿಗೆ ತೆಗೆದು, ಎರಡೂ ಕಡೆ ಗೇಣಷ್ಟಲ್ಲ, ಬೆರಳಿನ ಅರ್ಧದಷ್ಟು ನೂಲು ಬಿಟ್ಟು ಕತ್ತರಿಸುತ್ತಿದ್ದಳು. ಒಳಗಿನ ನೀರು ನೂಲಿನ ಗುಂಟ ಇಳಿಯುತ್ತದೆ, ಚರ್ಮ ಕಿತ್ತುಬರುವುದಿಲ್ಲ. ನಡೆಯುವವರಿಗೆಲ್ಲ ಗೊತ್ತಿರುವ ಉಪಾಯ ಅದು. ಕೊನೆಯ ಎರಡು ವರ್ಷ ಸೂಜಿಗೆ ನೂಲು ಪೋಣಿಸಿಕೊಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತ್ತು. ಯಾಕೆ ಎಂದು ಆಗ ನಾನು ಕೇಳಲಿಲ್ಲ.

ಅಪ್ಪ ಹೋಗಿ ಮೂರು ವರ್ಷವಾಯಿತು. ಈ ಕಾರ್ತಿಕದಲ್ಲಿ ಅವ್ವನನ್ನು ಕೂರಿಸಿಕೊಂಡು ಗುಡ್ಡಕ್ಕೆ ಹೋಗಬೇಕೆಂದು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಪಟ್ಟಿ ಬರೆಯುತ್ತಿದ್ದೇನೆ. ಕಾರಿನಲ್ಲಿ. ಅಪ್ಪನ ಫೋಟೊ ಇರುವ ಕೋಣೆಯಲ್ಲಿ ಕುಳಿತು ಬರೆಯಲು ಆಗಲಿಲ್ಲ, ಪಡಸಾಲೆಗೆ ಬಂದೆ.

ನಮ್ಮ ಕಡೆಯವರಿಗೂ ಮಲ್ಲಯ್ಯನಿಗೂ, ಎಂದರೆ ಶ್ರೀಶೈಲದ ಮಲ್ಲಿಕಾರ್ಜುನನಿಗೂ, ಇರುವ ನಂಟನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಎರಡನೆಯದು ಎಂದು ಶ್ಲೋಕ ಎಣಿಸುತ್ತದೆ. ನಾವು ಹಾಗೆ ಎಣಿಸುವುದಿಲ್ಲ. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳನ್ನು ನೋಡಲು ತವರಿನವರು ಬರಿಗೈಯಲ್ಲಿ ಹೋಗುತ್ತಾರೆಯೇ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಲಕ್ಷಗಟ್ಟಲೆ ಜನ ನಡೆಯುತ್ತಾರಲ್ಲ, ಅವರಲ್ಲಿ ಅನೇಕರ ಗಂಟಿನಲ್ಲಿ ಒಂದು ಸೀರೆ ಇರುತ್ತದೆ. ನಲ್ಲಮಲ ಕಾಡಿನ ಚೆಂಚು ಜನರ ಕತೆ ಕೇಳಿದರೆ ಅವರೂ ಮಲ್ಲಯ್ಯನನ್ನು ತಮ್ಮ ಅಳಿಯ ಎನ್ನುತ್ತಾರೆ. ಬೇಟೆಗೆ ಬಂದ ಶಿವ ಅವರ ಹುಡುಗಿಯನ್ನು ಮೆಚ್ಚಿ ಮದುವೆಯಾದನಂತೆ. ಒಬ್ಬನೇ ಅಳಿಯ, ಇಷ್ಟೊಂದು ಬೀಗರು. ಅವನ ಪಾಡು ಅವನಿಗೇ ಗೊತ್ತು.

ಅಪ್ಪ ಪ್ರತಿ ವರ್ಷ ಒಂದು ಇಳಕಲ್ಲ ಸೀರೆ, ಗುಳೇದಗುಡ್ಡದ ಒಂದು ಖಣ ಒಯ್ಯುತ್ತಿದ್ದರು. ಜೊತೆಗೆ ಉಡಿಗೆ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು. ಕೊನೆಯ ವರ್ಷದ ಸೀರೆ ತಂದಿಟ್ಟಿದ್ದರು, ಹೋಳಿಗೆ ಎಂಟು ದಿನ ಇರುವಾಗ ಹಾಸಿಗೆ ಹಿಡಿದರು. ಕಂಬಿ ನಮ್ಮ ಓಣಿಯಿಂದಲೇ ಹಾದುಹೋಯಿತು. ಆ ಸೀರೆ ಅವ್ವನ ಟ್ರಂಕಿನಲ್ಲಿ ಹಾಗೆಯೇ ಇದೆ. ಅದನ್ನು ಮುಟ್ಟಿಸುವುದೇ ಈಗಿನ ಹರಕೆ.

ಆದರೆ ಸೀರೆಯ ವಿಷಯದಲ್ಲಿ ಅವ್ವನದೊಂದು ತಕರಾರು ಉಳಿದುಹೋಗಿದೆ. ಅಪ್ಪ ತಂದದ್ದು ಕಪ್ಪು ಸೀರೆ ಎಂಬುದು ಅವಳ ಆರೋಪ. "ಮುತ್ತೈದೆ ದೇವಿಗೆ ಯಾರಾದರೂ ಕಪ್ಪು ಸೀರೆ ಉಡಿಸುತ್ತಾರೆಯೇ?" ಎಂದು ಅಂದು ಜಗಳ ತೆಗೆದಿದ್ದಳು. "ಸರಿಯಾಗಿ ನೋಡು" ಎಂದಷ್ಟೇ ಹೇಳಿ ಅಪ್ಪ ಎದ್ದುಹೋಗಿದ್ದರು. ನಾನು ಆ ಟ್ರಂಕನ್ನು ತೆರೆದವನಲ್ಲ. ಗಂಡ ಹೆಂಡಿರ ಜಗಳದಲ್ಲಿ ಬಟ್ಟೆ ಬಿಚ್ಚಿ ನೋಡಿ ತೀರ್ಪು ಕೊಡುವವನು ನಾನೇಕಾಗಬೇಕು? ಹಾಗಾಗಿ ನನ್ನ ಪಟ್ಟಿಯ ಮೊದಲ ಸಾಲು: ಇಳಕಲ್ಲಿನಲ್ಲಿ ಒಂದು ಗಂಟೆ, ಬೇರೆ ಸೀರೆ.

ಎರಡನೆಯ ಸಾಲು ಶಿಖರ, ಶಿಖರೇಶ್ವರನ ಗುಡಿ ಇರುವ ತುದಿ. ಇದು ಅವ್ವನದೇ ಬೇಡಿಕೆ. ಅಪ್ಪ ದಾರಿಯ ಕತೆಯನ್ನು ಎಷ್ಟು ಸಲ ಹೇಳಿದ್ದರೆಂದರೆ, ಆತ್ಮಕೂರು ದಾಟಿದ ಮೇಲಿನ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ಎಲ್ಲವೂ ಮನೆಯಿಂದ ಹೊರಬೀಳದ ಅವ್ವನಿಗೆ ಬಾಯಿಪಾಠ. ಭೀಮನಕೊಳ್ಳದ ಏರು ಎಷ್ಟು ಕಡಿದು, ಕೈಲಾಸ ದ್ವಾರ ಮುಟ್ಟಿದಾಗ ಮುದುಕರು ಹೇಗೆ ಅಳುತ್ತಾರೆ, ಮರಗಾಲು ಕಟ್ಟಿಕೊಂಡು ಬಂದವರು ಕಾಡಿನ ಕಲ್ಲಿನಲ್ಲಿ ಹೇಗೆ ಹೆಜ್ಜೆ ಇಡುತ್ತಾರೆ, ಎಲ್ಲವನ್ನೂ ಹೇಳುತ್ತಿದ್ದರು. ಶಿಖರದ ಮಾತು ಮಾತ್ರ ಬರುತ್ತಿರಲಿಲ್ಲ. ನಕ್ಷೆ ಬಿಚ್ಚಿ ಕುಳಿತಾಗ ನನಗೆ ಕಾರಣ ತಿಳಿಯಿತು. ಕಾಡಿನ ಕಾಲುದಾರಿ ಕೈಲಾಸ ದ್ವಾರದಿಂದ ಹಠಕೇಶ್ವರದ ಕಡೆಗೆ ಏರಿ ಊರು ಸೇರುತ್ತದೆ. ಶಿಖರೇಶ್ವರ ಇರುವುದು ದೋರ್ನಾಲದಿಂದ ಬರುವ ಗಾಡಿದಾರಿಯಲ್ಲಿ, ಗುಡಿಗೆ ಸುಮಾರು 8 ಕಿಲೋಮೀಟರ್ ಮೊದಲೇ. ನಡೆದು ಬಂದವನು ಶಿಖರ ನೋಡಬೇಕೆಂದರೆ ಒಡೆದ ಕಾಲಿನಲ್ಲಿ ಮತ್ತೆ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತು ಸಲ ಹೋದ ಅಪ್ಪ ಬಹುಶಃ ಒಮ್ಮೆಯೂ ಶಿಖರ ನೋಡಲಿಲ್ಲ. ಒಮ್ಮೆಯೂ ಕಾಲು ನೋಯಿಸಿಕೊಳ್ಳದ ನಾನು ಸ್ಟೀರಿಂಗ್ ಹಿಡಿದುಕೊಂಡೇ ಅದರ ಬುಡಕ್ಕೆ ಹೋಗಿ ನಿಲ್ಲುತ್ತೇನೆ. ಇದು ನ್ಯಾಯವೇ ಎಂದು ಅವ್ವನನ್ನು ಕೇಳಿದೆ. "ಅವರು ನೋಡಲಿಲ್ಲ, ಅದಕ್ಕೇ ನಾನು ನೋಡಬೇಕು" ಎಂದಳು.

ಶಿಖರದ ಎತ್ತರ ಸಮುದ್ರಮಟ್ಟದಿಂದ 2830 ಅಡಿ. ಹಿಮಾಲಯ ಕಂಡವರು ನಗಬಹುದು. ಕರಿ ಎರೆಭೂಮಿಯಲ್ಲಿ ಹುಟ್ಟಿ, ಜೋಳದ ಹೊಲದ ಬದುವನ್ನೇ ಏರು ಎಂದುಕೊಂಡು ಬೆಳೆದವರಿಗೆ ಅದು ಸಾಕಷ್ಟು ಎತ್ತರವೇ. ಮೆಟ್ಟಿಲು ಹತ್ತಿ ಶಿಖರೇಶ್ವರನ ಬಳಿ ಹೋದರೆ ಅಲ್ಲೊಂದು ನಂದಿ ಇದೆ. ಎಳ್ಳು ಅರ್ಪಿಸಿ, ನಂದಿಯ ಎರಡು ಕೊಂಬುಗಳ ನಡುವಿನಿಂದ ದೂರದ ಮಲ್ಲಿಕಾರ್ಜುನನ ಗೋಪುರವನ್ನು ನೋಡುವುದು ಪದ್ಧತಿ. ಹಾಗೆ ಕಂಡವರಿಗೆ ಮರುಜನ್ಮವಿಲ್ಲ ಎಂಬ ಮಾತಿದೆ. ಎದುರು ಮನೆಯ ಕಾಕೂ ಇದನ್ನು ಬಹಳ ಗಂಭೀರವಾಗಿ ಹೇಳಿದಾಗ ಅವ್ವ, "ಅದಿರಲಿ, ಗೋಪುರ ಕಾಣುತ್ತದೆಯೋ ಇಲ್ಲವೋ ಅದನ್ನು ಹೇಳು" ಎಂದಳು.

ಸ್ಥಳಪುರಾಣದ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿದೆ. ಶಿಲಾದ ಮಹರ್ಷಿಗೆ ಇಬ್ಬರು ಮಕ್ಕಳು, ನಂದಿ ಮತ್ತು ಪರ್ವತ. ಇಬ್ಬರೂ ತಪಸ್ಸು ಮಾಡಿದರು. ನಂದಿ ಶಿವನಿಗೆ ವಾಹನವಾದ. ಪರ್ವತ ಕೇಳಿದ ವರವೇ ಬೇರೆ: ನಾನು ಗುಡ್ಡವಾಗುತ್ತೇನೆ, ನೀನು ನನ್ನ ಮೇಲೆ ಇರು. ಆ ಗುಡ್ಡವೇ ಶ್ರೀಶೈಲ. ಅಂದರೆ ಶಿಖರದಲ್ಲಿ ನಿಂತವನು ಒಬ್ಬ ಸಹೋದರನ ಮೈಮೇಲೆ ನಿಂತು, ಇನ್ನೊಬ್ಬನ ಕೊಂಬುಗಳ ಸಂದಿಯಿಂದ, ಇಬ್ಬರ ಒಡೆಯನನ್ನೂ ನೋಡುತ್ತಾನೆ. ಇದನ್ನು ಯೋಚಿಸಿದ ಮೇಲೆ ಘಟ್ಟದ ರಸ್ತೆ ಬರಿಯ ರಸ್ತೆಯಾಗಿ ಉಳಿಯಲಿಲ್ಲ. ಒಬ್ಬ ಭಕ್ತನ ಬೆನ್ನಿನ ಮೇಲೆ ಗಾಡಿ ಹತ್ತಿಸುತ್ತಿದ್ದೇನಲ್ಲ ಎನಿಸಿತು. ಅವ್ವನಿಗೆ ಹೇಳಿದರೆ, "ದೇವರನ್ನೇ ಹೊತ್ತುಕೊಂಡು ಕುಳಿತವನಿಗೆ ನಿನ್ನ ಕಾರು ಯಾವ ಲೆಕ್ಕ?" ಎಂದು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದಳು.

ಇನ್ನು ದಾರಿ. ಇಳಕಲ್ಲು, ಮುದಗಲ್ಲು, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು, ದೋರ್ನಾಲ. ಒಟ್ಟು 400 ಕಿಲೋಮೀಟರಿಗೂ ಹೆಚ್ಚು. ನಲ್ಲಮಲದ ಕಾಡು ಹುಲಿ ಸಂರಕ್ಷಿತ ಪ್ರದೇಶ, ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಗೇಟು ಮುಚ್ಚಿರುತ್ತದೆ. ಆದ್ದರಿಂದ ನಸುಕಿನ 4 ಗಂಟೆಗೆ ಬಾಗಲಕೋಟೆಯ ನವನಗರ ಬಿಟ್ಟು, ಬೆಳಕು ಇರುವಾಗಲೇ ದೋರ್ನಾಲ ದಾಟಿ ಘಟ್ಟ ಹತ್ತಬೇಕು. ಗ್ಯಾರೇಜಿನವನು ಹಿಂದಿನ ಎರಡು ಟೈರು ಬದಲಿಸು ಎಂದಿದ್ದಾನೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಬ್ರೇಕನ್ನೇ ನಂಬಿ ಇಳಿದರೆ ಕಾದು ಹಿಡಿಯದೆ ಹೋಗುತ್ತದೆ ಎಂದೂ ಹೇಳಿದ್ದಾನೆ. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ತಿರುವು ಬಂದಾಗಲೆಲ್ಲ ಅವ್ವನಿಗೆ ವಾಂತಿ ಬರುತ್ತದೆ, ಸವದತ್ತಿಯ ಯಲ್ಲಮ್ಮನ ಗುಡ್ಡದ ಬಸ್ಸಿನಲ್ಲಿಯೇ ನೋಡಿದ್ದೇವೆ. ಮುಂದಿನ ಸೀಟು, ಇಳಿಸಿದ ಕಿಟಕಿ, ಮೂಸಲು ನಿಂಬೆಹಣ್ಣು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ. ಮಗಳು ತನ್ನದೊಂದು ಪಟ್ಟಿ ಸೇರಿಸಿದ್ದಾಳೆ: ಘಟ್ಟದಲ್ಲಿ ಫೋಟೊಗೆ ಮೂರು ಕಡೆ ನಿಲ್ಲಿಸಬೇಕಂತೆ. ಕಾಡಿನ ತಿರುವಿನಲ್ಲಿ ಗಾಡಿ ನಿಲ್ಲಿಸುವುದಿಲ್ಲ ಎಂದಿದ್ದೇನೆ. ಶಿಖರದ ಮೇಲಿಂದ ಕಣ್ಣು ಹಾಯಿಸಿದಷ್ಟೂ ಕಾಡೇ ಇದೆ, ಅಲ್ಲಿ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಲಿ.

ಶಿಖರದಿಂದ ಮುಂದೆ ಹಠಕೇಶ್ವರ, ಪಾಲಧಾರೆ ಪಂಚಧಾರೆ, ಆಮೇಲೆ ಸಾಕ್ಷಿ ಗಣಪತಿ. ಬಂದವರ ಹೆಸರು ಬರೆದುಕೊಂಡು ಶಿವನಿಗೆ ಸಾಕ್ಷಿ ಹೇಳುವವನು ಅವನು. ನಡೆದು ಬಂದವರಿಗೂ ಗಾಡಿಯಲ್ಲಿ ಬಂದವರಿಗೂ ಒಂದೇ ಪುಸ್ತಕವೋ, ಬೇರೆ ಬೇರೆಯೋ!

ಕಾರ್ತಿಕ ಸೋಮವಾರ ಜನಜಂಗುಳಿ ಇರುತ್ತದೆ, ಬುಧವಾರ ಹೋಗೋಣ ಎಂದೆ. "ಮಲ್ಲಯ್ಯನ ಮನೆಗೆ ಸೋಮವಾರ ಬಿಟ್ಟು ಬುಧವಾರ ಹೋಗುವುದಕ್ಕೆ ಅದೇನು ಸಂತೆಯೇ?" ಎಂದಳು ಅವ್ವ. ಅಲ್ಲಿಗೆ ಆ ಚರ್ಚೆ ಮುಗಿಯಿತು. ಉಡಿ ತುಂಬುವ ವಿಷಯದಲ್ಲಿಯೂ ಅವಳದೇ ಮಾತು. ಗಂಡ ಇಲ್ಲದವಳು ದೇವಿಗೆ ಉಡಿ ತುಂಬುವಂತಿಲ್ಲ, ಸೊಸೆಯ ಕೈಯಿಂದ ಮಾಡಿಸು ಎಂದು ಸಂಬಂಧಿಕರೊಬ್ಬರು ಬುದ್ಧಿ ಹೇಳಿದರು. "ಮಗಳಿಗೆ ಉಡಿ ತುಂಬಲು ತಾಯಿಗೆ ಯಾರ ಅಪ್ಪಣೆ ಬೇಕು?" ಎಂದಳು. ನನ್ನ ಹೆಂಡತಿ ಅಂದು ಅವ್ವನ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದ್ದನ್ನು ನಾನು ನೋಡಿದೆ.

ಮಳೆ ಮುಗಿದ ಮೇಲೆ ಹೋಗುವುದರಲ್ಲಿ ಇನ್ನೊಂದು ಆಸೆಯೂ ಇದೆ. ಹಳೆ ಬಾಗಲಕೋಟೆಯಲ್ಲಿ ಘಟಪ್ರಭೆಯ ಹತ್ತಿರ ನಮ್ಮ ಮನೆಯಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಬಿಟ್ಟು ನವನಗರಕ್ಕೆ ಬಂದೆವು. ಆಲಮಟ್ಟಿಯ 26 ಗೇಟುಗಳಿಂದ ಇಳಿದ ಕೃಷ್ಣೆ ನಾರಾಯಣಪುರ, ಜುರಾಲಾ ದಾಟಿ ಶ್ರೀಶೈಲದ ಗುಡ್ಡದ ಬುಡಕ್ಕೆ ಬಂದಾಗ ಅವಳ ಹೆಸರು ಪಾತಾಳಗಂಗೆ. ಅವ್ವನಿಗೆ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದೆ. ಅವಳು ಆ ನೀಲಿ ಗೆರೆಯ ಮೇಲೆ ಬಾಗಿ, ಬಹಳ ಹತ್ತಿರ ಬಾಗಿ, "ನಮ್ಮ ಹೊಸ್ತಿಲು ತೊಳೆದ ನೀರು ನಮಗಿಂತ ಮೊದಲೇ ಅಲ್ಲಿ ಹೋಗಿ ಕುಳಿತಿದೆ" ಎಂದಳು. ಬೆರಳು ಮಾತ್ರ ಗೆರೆಯ ಮೇಲಿರಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಓಡಾಡುತ್ತಿತ್ತು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎರಡು ವರ್ಷದಿಂದ ಆಪರೇಷನ್ ಎಂದರೆ ಸಾಕು, ಎದ್ದು ದೇವರ ಕೋಣೆಗೆ ಹೋಗಿಬಿಡುತ್ತಿದ್ದಳು. ಈ ವಯಸ್ಸಿನಲ್ಲಿ ನಾನು ನೋಡಬೇಕಾದದ್ದು ಇನ್ನೇನಿದೆ ಎಂಬುದು ಅವಳ ವಾದ. ಅಂದು ನಕ್ಷೆ ಮಡಚಿಟ್ಟ ಮೇಲೆ ನಾನು ಒಂದೇ ಮಾತು ಹೇಳಿದೆ: "ಅಷ್ಟು ದೂರ ಹೋಗಿ ನಂದಿಯ ಕೊಂಬಿನ ನಡುವೆ ಮಂಜು ನೋಡಿಕೊಂಡು ಬರುತ್ತೀಯಾ?" ಅವಳು ಉತ್ತರ ಕೊಡಲಿಲ್ಲ. ರಾತ್ರಿ ಊಟವಾದ ಮೇಲೆ, ಯಾವುದೋ ತರಕಾರಿ ತರಲು ಹೇಳುವ ದನಿಯಲ್ಲಿ, "ಶ್ರಾವಣ ಮುಗಿಯುವುದರೊಳಗೆ ಮಾಡಿಸಿಬಿಡು, ಕಾರ್ತಿಕಕ್ಕೆ ವಾಸಿಯಾಗಿರಬೇಕು" ಎಂದಳು.

ಒಂದು ಕಣ್ಣಿನದು ಆಯಿತು. ಹತ್ತು ನಿಮಿಷದ ಕೆಲಸಕ್ಕೆ ಎರಡು ವರ್ಷ ಹೆದರಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು. ಕರಿ ಕನ್ನಡಕ ಹಾಕಿಕೊಂಡು, ಹೊತ್ತು ಹೊತ್ತಿಗೆ ಹನಿ ಔಷಧಿ ಬಿಡಿಸಿಕೊಳ್ಳುತ್ತ, ಕ್ಯಾಲೆಂಡರಿನಲ್ಲಿ ದಿನ ಎಣಿಸಿದಳು. ಮೊನ್ನೆ ಬೆಳಗ್ಗೆ ಅಂಗಳಕ್ಕೆ ಬಂದು ಮೊದಲು ಮಾಡಿದ್ದು ನನ್ನ ಗಡ್ಡದ ಬಿಳಿ ಕೂದಲಿನ ಬಗ್ಗೆ ಮಾತಾಡಿದ್ದು. ಎರಡನೆಯದು, ಒಳಗೆ ಹೋಗಿ ಟ್ರಂಕು ತೆರೆದದ್ದು.

ಬಹಳ ಹೊತ್ತು ಸದ್ದಿಲ್ಲ. ನಾನು ಹೋಗಿ ನೋಡಿದಾಗ ಕಿಟಕಿಯ ಬೆಳಕಿಗೆ ಸೀರೆಯ ಮಡಿಕೆಯೊಂದನ್ನು ಹಿಡಿದುಕೊಂಡು ನಿಂತಿದ್ದಳು. ಕೆಂಪು ಸೆರಗು, ತೆನೆಯ ಬಿಳಿ ಸಾಲು. ಒಡಲು ನೀಲಿ. ಕಪ್ಪಿನ ಹತ್ತಿರಕ್ಕೂ ಬಾರದ ನೀಲಿ, ಆಷಾಢದ ಮೋಡ ಸರಿದಾಗ ಕಾಣುವಂಥದ್ದು. ಅವಳು ಆಪರೇಷನ್ ಆದ ಕಣ್ಣನ್ನು ಅಂಗೈಯಿಂದ ಮುಚ್ಚಿ ಹಳೆಯ ಕಣ್ಣಿನಿಂದ ನೋಡಿದಳು. ಕೈ ತೆಗೆದು ಹೊಸ ಕಣ್ಣಿನಿಂದ ನೋಡಿದಳು. ಮತ್ತೊಮ್ಮೆ ಮುಚ್ಚಿದಳು. ಅಪ್ಪನ ಫೋಟೊ ಅದೇ ಗೋಡೆಯ ಮೇಲಿತ್ತು. ಆ ಕಡೆ ಅವಳು ತಿರುಗಲಿಲ್ಲ.

ಸೀರೆಯನ್ನು ಮಡಚಿ ಖಣದ ಜೊತೆ ಇಟ್ಟು, ನನ್ನ ಕೈಯಲ್ಲಿದ್ದ ಪಟ್ಟಿಯ ಕಡೆ ನೋಡಿ, "ಇಳಕಲ್ಲಿನಲ್ಲಿ ಗಾಡಿ ನಿಲ್ಲಿಸುವುದು ಬೇಡ" ಎಂದಳು.