ಗಾಡಿ ತೊಳೆಯುವವರು ಯಾರು?

ಕಳೆದ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದಾಗ ಚಾಲಕನಿಲ್ಲದೆ ಓಡುವ ವೇಮೋ ಟ್ಯಾಕ್ಸಿ ಹತ್ತಿದೆ. ಜಾಗ್ವಾರ್ ಕಾರು. ಚಾಲಕನ ಸೀಟು ಖಾಲಿ, ಸ್ಟೀರಿಂಗ್ ತನ್ನಷ್ಟಕ್ಕೆ ತಿರುಗುತ್ತಿತ್ತು. ಹಿಂದಿನಿಂದ ಸೈರನ್ ಕೇಳಿಸಿದ್ದೇ ತಡ, ಕಾರು ಬದಿಗೆ ಸರಿದು ನಿಂತಿತು. “ನೋಡಿದಿರಾ ಮಾವ, ಇದಕ್ಕೆ ಕಿವಿಯೂ ಇದೆ” ಎಂದ. ಹನ್ನೊಂದು ವರ್ಷ 108 ಆಂಬುಲೆನ್ಸಿನಲ್ಲಿ ಕೂತು, ದಾರಿ ಬಿಡದ ಕಾರುಗಳಿಗೆಲ್ಲ ಮನಸ್ಸಿನಲ್ಲೇ ಶಾಪ ಹಾಕಿದವನು ನಾನು. ಮೆಚ್ಚದೆ ಇರಲಾಗಲಿಲ್ಲ.

“ಇನ್ನು ನಿಮ್ಮ ಆಂಬುಲೆನ್ಸಿಗೂ ಡ್ರೈವರ್ ಬೇಕಿಲ್ಲ” ಎಂದನಲ್ಲ, ಅದನ್ನು ಮಾತ್ರ ಒಪ್ಪಲಿಲ್ಲ.

108ರಲ್ಲಿ ನಾವು ಇಬ್ಬರೇ. ಹಿಂದೆ ರೋಗಿಯನ್ನು ನೋಡಿಕೊಳ್ಳಲು ನಾನು, ಮುಂದೆ ಪೈಲಟ್. ಡ್ರೈವರಿಗೆ ನಮ್ಮಲ್ಲಿ ಹಾಗೆಯೇ ಹೇಳುವುದು. ಸಕಲೇಶಪುರದ ಕಡೆ ಎಷ್ಟೋ ಎಸ್ಟೇಟ್ ಲೈನುಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ಬಾಗಿಲಿಗೆ ಗಾಡಿ ಹೋಗುವುದಿಲ್ಲ. ಒಂದು ಮಳೆಯ ರಾತ್ರಿ ಹೆರಿಗೆ ನೋವಿನ ಹೆಂಗಸನ್ನು ಸ್ಟ್ರೆಚರಿನಲ್ಲಿ ಹೊತ್ತು ಕೆಸರಿನ ಇಳಿಜಾರಿನಲ್ಲಿ ತಂದೆವು. ತಲೆಯ ಕಡೆ ನಾನು, ಕಾಲಿನ ಕಡೆ ಪೈಲಟ್. ಮುಖ್ಯರಸ್ತೆ ಮುಟ್ಟುವ ಮೊದಲೇ ಹೆರಿಗೆಯಾಯಿತು. ಗಾಡಿ ನಿಲ್ಲಿಸಿ, ಮುಖ ಅತ್ತ ತಿರುಗಿಸಿ, ಟಾರ್ಚನ್ನು ಮಾತ್ರ ಇತ್ತ ಹಿಡಿದು ನಿಂತವರೂ ಅವರೇ.

ಫುಕುಶಿಮಾ ಅಣು ದುರಂತದ ಪಾಠದಿಂದ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2015ರಲ್ಲಿ ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ರೋಬೋಗಳ ಸ್ಪರ್ಧೆ ನಡೆಸಿತ್ತು. ಗಾಡಿ ಓಡಿಸಿಕೊಂಡು ಹೋಗಿ ಇಳಿದು ಕೆಲಸ ಮಾಡಬೇಕಿತ್ತು. ಇಳಿಯುವಾಗಲೇ ಮುಗ್ಗರಿಸಿ ಬಿದ್ದ ರೋಬೋ ಇತ್ತು. ಆ ವಿಡಿಯೊ ನೋಡಿ ನಕ್ಕಿದ್ದೆ. ಆಮೇಲೆ ನಮ್ಮ ಕೆಸರಿನ ಇಳಿಜಾರು ನೆನಪಾಯಿತು.

ಯಂತ್ರ ಬೇಡ ಎನ್ನುತ್ತಿಲ್ಲ. ನನಗೆ ಬೇಕಾದದ್ದು ಹಿಂಬದಿಯಲ್ಲಿ. ಹೃದಯ ನಿಂತವರ ಎದೆ ಒತ್ತುವಾಗ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಯಾರ ಜೊತೆ ಬದಲಾಯಿಸುವುದು? ಪೈಲಟ್ ಘಾಟಿಯ ತಿರುವಿನಲ್ಲಿದ್ದಾರೆ. ಪ್ರತಿ ತಿರುವಿಗೂ ಒಂದು ಕೈ ಮೇಲಿನ ಕಂಬಿಗೆ ಹೋಗುತ್ತದೆ, ಅಷ್ಟು ಹೊತ್ತು ಎದೆಯ ಮೇಲೆ ಒಂದೇ ಕೈ. ಸ್ವೀಡನ್ನಿನಲ್ಲಿ ಹುಟ್ಟಿದ ಲೂಕಸ್ ಎಂಬ ಯಂತ್ರ ಎದೆಗೆ ಕಮಾನಿನಂತೆ ಕೂತು ನಿಮಿಷಕ್ಕೆ 102 ಸಲ, ಐದು ಸೆಂಟಿಮೀಟರಿಗಿಂತ ತುಸು ಆಳಕ್ಕೆ ಒತ್ತುತ್ತದೆ. ತಿರುವಿರಲಿ, ಹೊಂಡವಿರಲಿ, ಅದರ ತೋಳು ಸೋಲುವುದಿಲ್ಲ. ನನ್ನದು ಹತ್ತನೇ ನಿಮಿಷಕ್ಕೆ ನಡುಗತೊಡಗುತ್ತದೆ.

ಖಾಲಿ ಸೀಟಿನ ಫೋಟೊವನ್ನು ನಮ್ಮ ಪೈಲಟ್‌ಗೆ ಕಳುಹಿಸಿದೆ. ಅಲ್ಲಿ ಬೆಳಗಿನ ಜಾವ, ರಾತ್ರಿ ಪಾಳಿಯಲ್ಲಿದ್ದರು, ಕೂಡಲೇ ಉತ್ತರ ಬಂತು: “ಚೆನ್ನಾಗಿದೆ. ರಕ್ತ ಆದಾಗ ಗಾಡಿ ತೊಳೆಯುವವರು ಯಾರು, ಕೇಳಿ ನೋಡಿ.”